ಸಡಿಲಿಸದ ತಂತಿ

ಸುತ್ತಿಗೆ ಎರಡನೇ ಸಲ ಮೇಲೇಳುವಷ್ಟರಲ್ಲಿ ಮಾಜಿ ಪೊಲೀಸ್ ಅಂಗಾರ ಅದನ್ನು ಹಿಡಿದವನ ಮಣಿಕಟ್ಟಿಗೆ ಕೈಹಾಕಿ ತಿರುಚಿದ. ಸುತ್ತಿಗೆ ನೆಲಕ್ಕೆ ಬಿತ್ತು. ಅದರ ಬೆನ್ನಿಗೇ ಗೋದಾಮಿನ ಆಳೂ ಮೊಣಕಾಲೂರಿ ಕುಸಿದ.

"ಛೋಡೋ ಚಾಚಾ, ಹಾಥ್ ಟೂಟ್ ಜಾಯೇಗಾ."

"ಹಾಥ್ ಜುಡ್ ಜಾತಾ ಹೈ," ಎಂದ ಅಂಗಾರ. "ಯೇ ಲೋಹಾ ಫಿರ್ ನಹೀ ಜುಡೇಗಾ. ಹಟ್ ಜಾ."

ಮುರಿದ ಕೈ ಕೂಡಿಕೊಳ್ಳುತ್ತದೆ, ಈ ಕಬ್ಬಿಣ ಕೂಡುವುದಿಲ್ಲ ಎಂಬ ಮಾತಿಗೆ ಆಳು ಕೈ ನೀವಿಕೊಳ್ಳುತ್ತ ದೂರ ಸರಿದ. ಮುಂಬೈ ಕುರ್ಲಾದ ಆ ಭಂಗಾರ್, ಅಂದರೆ ಗುಜರಿ ಗೋದಾಮಿನಲ್ಲಿ ಹಳೆಯ ಫ್ಯಾನು, ಗೀಸರು, ಲಿಫ್ಟಿನ ಬಾಗಿಲುಗಳ ನಡುವೆ ಒಂದು ಪಿಯಾನೊ ಅಂಗಾತ ಬಿದ್ದಿತ್ತು. ಮುಚ್ಚಳ ಇಲ್ಲ, ಮುಂದಿನ ಹಲಗೆ ಇಲ್ಲ, ನುಡಿಸುವ ಕರಿ ಬಿಳಿ ಮನೆಗಳನ್ನು ಯಾರೋ ಗೋಣಿಯಲ್ಲಿ ತುಂಬಿ ಪಕ್ಕಕ್ಕಿಟ್ಟಿದ್ದರು. ಉಳಿದದ್ದು ಎರಕದ ಕಬ್ಬಿಣದ ಚೌಕಟ್ಟು ಮತ್ತು ಅದಕ್ಕೆ ಬಿಗಿದ ತಂತಿಗಳು.

ಮೊನ್ನೆ ಮಧ್ಯಾಹ್ನ ಈ ಪಿಯಾನೊವನ್ನು ಘಾಟ್ಕೋಪರಿನ ಮೂರನೇ ಮಹಡಿಯಿಂದ ಇಳಿಸಿ ಹೊಸದನ್ನು ಏರಿಸಿದ ಸ್ವಲ್ಪ ಹೊತ್ತಿಗೆಲ್ಲ, ಅದರ ಒಡತಿ ಜ್ಯೋತ್ಸ್ನಾ ಟೀಚರ್ ಹಮಾಲರು ಭಾರ ಹೊರುವ ಪಟ್ಟಾದಿಂದ ಯಾರೋ ಕೊರಳು ಬಿಗಿದು ಸತ್ತುಬಿದ್ದಿದ್ದಳು. ಹಮಾಲರ ಮುಂದಾಳು, ಮುಕಾದಮ ಭೀಮರಾಯ ಅಂದು ರಾತ್ರಿಯಿಂದ ಲಾಕಪ್ಪಿನಲ್ಲಿದ್ದ.

ಪೊಲೀಸರು ಪಿಯಾನೊದ ಫೋಟೊ ತೆಗೆದು, ಪಂಚನಾಮೆ ಬರೆದು, ಅದನ್ನು ಇಲ್ಲೇ ಬಿಟ್ಟು ಹೋಗಿದ್ದರು. ಅಷ್ಟು ಭಾರವನ್ನು ಠಾಣೆಗೆ ಹೊರುವವರಾದರೂ ಯಾರು, ಹೊರುವವನನ್ನೇ ಒಳಗೆ ಹಾಕಿದ ಮೇಲೆ.

"ಅಣ್ಣಾರ," ಎಂದಳು ಹಿಂದೆ ನಿಂತಿದ್ದ ನಾಗರತ್ನಾ. ಭೀಮರಾಯನ ಹೆಂಡತಿ. ಗಂಡನನ್ನು ಬಿಡಿಸಿಕೊಡಿ ಎಂದು ಎರಡು ದಿನದಿಂದ ಅಂಗಾರನ ಬೆನ್ನು ಬಿಡದೆ ತಿರುಗುತ್ತಿದ್ದಳು. "ಇದರಾಗ ಏನರ ಸಿಗ್ತದೇನ್ರಿ? ಅವ್ರು ಇನ್ನೊಂದು ರಾತ್ರಿ ತಡಿಯಂಗಿಲ್ಲ. ಮುಂಜಾನಿ ರಕ್ತ ಉಗುಳ್ಯಾರ."

ಬೆಳಿಗ್ಗೆ ಹಳೆಯ ಪರಿಚಯದ ಮೇಲೆ ಲಾಕಪ್ಪಿಗೆ ಹೋಗಿ ಅಂಗಾರನೂ ಭೀಮರಾಯನನ್ನು ನೋಡಿದ್ದ. ಅಂಗಾಲು ಊದಿ ಚಪ್ಪಲಿಗೆ ಹಿಡಿಯುತ್ತಿರಲಿಲ್ಲ, ಬೆನ್ನಿನ ಮೇಲೆ ಬೆರಳಿಡುವಷ್ಟು ಜಾಗವಿರಲಿಲ್ಲ. ಇನ್ನೂರೈವತ್ತು ಕಿಲೋ ಪಿಯಾನೊದ ಕೆಳತುದಿ ಹಿಡಿದು ಮೆಟ್ಟಿಲಿಳಿಯುವ ಗಂಡಸು ಗೋಡೆ ಹಿಡಿದು ಎದ್ದು ನಿಂತಿದ್ದ. ತಾನು ಪೊಲೀಸ್ ಕೆಲಸದಲ್ಲಿದ್ದಾಗ ಲಾಠಿಯೇಟಿಗೆ ಇಂಥವರ ಕಾಲು ಅದುಮಿ ಹಿಡಿದು ಕೂತದ್ದು ಅಂಗಾರನಿಗೆ ನೆನಪಾಗಿ, ನಾಚಿಕೆಯಿಂದ ಅವನ ಮುಖ ನೋಡಲಾಗಲಿಲ್ಲ.

ಪೊಲೀಸರ ಕತೆ ಸರಳವಾಗಿತ್ತು. ಪಿಯಾನೊ ಟೆಂಪೋಗೆ ಏರಿದ ಮೇಲೆ, ಪಟ್ಟಾ ಮೇಲೆ ಮರೆತು ಬಂದಿದ್ದೇನೆಂದು ಭೀಮರಾಯ ಒಬ್ಬನೇ ಮತ್ತೆ ಮೂರನೇ ಮಹಡಿಗೆ ಹೋಗಿದ್ದ. ಹತ್ತು ನಿಮಿಷದ ಮೇಲೆ ಬರಿಗೈಯಲ್ಲಿ ಇಳಿದು ಬಂದ. ಅದೇ ಪಟ್ಟಾ ಟೀಚರ ಕೊರಳಲ್ಲಿತ್ತು, ಕೊರಳ ಕರಿಮಣಿ ಸರ ಕಾಣೆಯಾಗಿತ್ತು. ಬಚ್ಚಿಟ್ಟು ತಂದ ಸರವನ್ನು ಟೆಂಪೋದಲ್ಲಿದ್ದ ಪಿಯಾನೊದ ಹೊಟ್ಟೆಯೊಳಗೆ ಬಿಸಾಡಿ, ಸಂಜೆ ಗೋದಾಮಿಗೆ ಬಂದು ತಂತಿ ಕತ್ತರಿಸಿ ತೆಗೆದುಕೊಂಡನೆಂಬುದು ಅವರ ಲೆಕ್ಕ. ಮೇಲೆ ಹತ್ತು ನಿಮಿಷ ಏನು ಮಾಡಿದೆಯೆಂದು ಕೇಳಿದರೆ ಭೀಮರಾಯನದು ಒಂದೇ ಉತ್ತರ, ಮೌನ.

"ಈಶ್ವರಾ, ಇಲ್ಲಿ ಬಾ," ಎಂದು ಅಂಗಾರ ಕರೆದ. "ನಿಮ್ಮವರು ಪಿಯಾನೊ ಒಡೆಯುದು ಹೀಗೆಯಾ?"

ಭೀಮರಾಯನ ಗ್ಯಾಂಗಿನ ಎರಡನೇ ಆಳು ಈಶ್ವರ, ಯಾದಗಿರಿ ಕಡೆಯವನು, ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ. ದಪ್ಪ ತಂತಿಗಳ ಕಡೆ ನೋಡಿದವನೇ ಮುಖ ಕಿವುಚಿದ.

"ಯಾವ ಹುಚ್ಚಸೂಳೀಮಗ ಮಾಡ್ಯಾನ್ರಿ ಇದನ್ನ?"

"ಯಾಕೆ?"

"ಬಿಗಿ ಇದ್ದಾಗನ ಕಟ್ಟರ್ ಹಾಕ್ಯಾನ್ರಿ. ಇವು ಇನ್ನೂರ ಮೂವತ್ತು ತಂತಿ ಅದಾವ್ರಿ ಸಾಹೇಬ್ರ. ಒಂದೊಂದೂ ಎತ್ತು ಜಗ್ಗಿದಂಗ ಜಗ್ತಿರ್ತದ. ನಾವು ಮೊದಲ ಪಾನಾ ಹಾಕಿ ತಂತಿ ಸುತ್ತಿದ ಮೊಳಿ ತಿರುವಿ, ಎಲ್ಲಾ ಸಡ್ಲ ಮಾಡ್ತೀವಿ. ಅರ್ಧ ದಿನ ಹೋದ್ರೂ ಬಿಡಂಗಿಲ್ಲ. ಆಮ್ಯಾಗ ಸುತ್ತಿಗಿ."

"ಸಡಿಲ ಮಾಡದೆ ಕತ್ತರಿಸಿದರೆ?"

ಈಶ್ವರ ಅಂಗಿಯ ತೋಳು ಮೇಲೇರಿಸಿದ. ಮೊಣಕೈಯಿಂದ ಮುಂಗೈವರೆಗೆ ಒಂದು ಹಳೆಯ ಗಾಯದ ಕಲೆ. ಬರಿಯ ಗೆರೆಯಲ್ಲ, ಸ್ಕ್ರೂವಿನ ಹಲ್ಲುಗಳನ್ನು ಚರ್ಮದ ಮೇಲೆ ಒತ್ತಿ ಎಳೆದ ಹಾಗೆ ಅಡ್ಡಡ್ಡ ಸಣ್ಣ ಗೀರುಗಳ ಸಾಲು.

"ಮೊದಲನೇ ವರ್ಷ ನಾನೂ ಶಾಣ್ಯಾ ಆಗಾಕ ಹೋಗಿದ್ದೆ. ದಪ್ಪ ತಂತಿ ಮ್ಯಾಲ ತಾಮ್ರದ್ದು ಸುತ್ತಿರ್ತಾರಲ್ರಿ, ಅದು ತಿರುಗಿ ಹೊಡೀತು. ಕಣ್ಣಿಗೆ ಬಡದಿದ್ರ ಕಣ್ಣೇ ಹೋಗ್ತಿತ್ತು. ಭೀಮಣ್ಣನ ಅವತ್ತು ನನ್ನ ಹೊತ್ಕೊಂಡು ದವಾಖಾನಿಗೆ ಓಡಿದ್ದ. ಅಂಥಾಂವ ಹಿಂಗ ಕತ್ತರಸ್ತಾನೇನ್ರಿ?"

ಅಂಗಾರ ಮೊಣಕಾಲು ನೋವನ್ನು ಬೈದುಕೊಳ್ಳುತ್ತ ಬಗ್ಗಿ ನೋಡಿದ. ಸುರುಳಿಯಾಗಿ ಎದ್ದು ನಿಂತ ಒಂದು ತಾಮ್ರದ ತಂತಿಯ ತುದಿಯಲ್ಲಿ ಒಣಗಿದ ರಕ್ತವಿತ್ತು. ರಕ್ತದೊಳಗೆ ಅಂಟಿಕೊಂಡಿದ್ದದ್ದು ಚರ್ಮದ ಚೂರು, ಎರಡು ನರೆಗೂದಲು. ಜೇಬಿನಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಆ ತುದಿಗೆ ಸುತ್ತಿ, ಈಶ್ವರನ ಇಕ್ಕಳ ತೆಗೆದುಕೊಂಡು ತುಂಡು ಮಾಡಿ ಇಟ್ಟುಕೊಂಡ.

ಭೀಮರಾಯನ ಕೈಗಳನ್ನು ಬೆಳಿಗ್ಗೆ ತಿರುಗಿಸಿ ತಿರುಗಿಸಿ ನೋಡಿದ್ದ. ಲಾಠಿಯ ಬಾಸುಂಡೆ ಎಷ್ಟು ಬೇಕಾದರೂ ಇದ್ದವು. ಇಂಥ ಗೀರು ಒಂದೂ ಇರಲಿಲ್ಲ.

"ಪಿಯಾನೊ ಈ ಗೋದಾಮಿಗೇ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?"

"ನಮಗ ಗೊತ್ತಿತ್ರಿ. ಹೊಸಾದು ಮಾರಿದ ಪವಾಯಿ ಅಂಗಡಿ ತಿಲಕ್ ಶೇಟ್‌ಗೆ ಗೊತ್ತಿತ್ತು. ಮತ್ತ ಆ ಮನಿಯವ್ರಿಗೆ."

ಗ್ಯಾಂಗಿನವರು ಹೀಗೆ ಮಾಡುವುದಿಲ್ಲ. ತಿಲಕ್ ಇಪ್ಪತ್ತು ವರ್ಷದಿಂದ ಪಿಯಾನೊಗಳ ಹೊಟ್ಟೆಯಲ್ಲೇ ಕೈಯಾಡಿಸಿದವನು, ಅವನೂ ಮಾಡುವುದಿಲ್ಲ. ಉಳಿದದ್ದು ಆ ಮನೆ. ಆ ಮನೆಯಲ್ಲಿ ಈಗ ಉಳಿದವನು ಒಬ್ಬನೇ, ಟೀಚರ ಗಂಡ ಕಾಶಿನಾಥ. ಘಾಟ್ಕೋಪರ್ ಸ್ಟೇಷನ್ ಹತ್ತಿರ ಇಡ್ಲಿ ವಡೆಯ ಹೋಟೆಲು ನಡೆಸುವ ಕುಂದಾಪುರದ ಕಡೆಯವನು.

ಆಗ ಅಂಗಾರನಿಗೆ ಬೆಳಿಗ್ಗೆ ಒಬ್ಬನೇ ಆ ಹೋಟೆಲಿಗೆ ಹೋದಾಗ ಕಂಡದ್ದು ನೆನಪಾಯಿತು. ಕಾಶಿನಾಥ ಗಲ್ಲಾದಲ್ಲಿ ಕೂತು ತನಗೆ ಚಹಾದ ಕೂಪನ್ ಕೊಟ್ಟಿದ್ದ, ಎಡಗೈಯಲ್ಲಿ. ಆ ಹೊತ್ತಿಗೆ ಪಾಪ, ಹೆಂಡತಿ ಸತ್ತವನು, ಮೈಮೇಲೆ ಎಚ್ಚರವಿಲ್ಲ ಎಂದುಕೊಂಡಿದ್ದ. ನಲವತ್ತು ವರ್ಷ ಗಲ್ಲಾದ ಮೇಲೆ ಕೂತ ತಮ್ಮ ಕರಾವಳಿ ಕಡೆಯ ಹೋಟೆಲಿನವನು ಗಿರಾಕಿಗೆ ಎಡಗೈಯಲ್ಲಿ ಏನನ್ನೂ ಕೊಡುವುದಿಲ್ಲ. ಸಾವಿನ ಮನೆಯಲ್ಲಿಯೂ ಕೊಡುವುದಿಲ್ಲ. ಬಲಗೈ ಎತ್ತಲಾಗದಿದ್ದರೆ ಮಾತ್ರ ಕೊಡುತ್ತಾನೆ.

"ನಡಿ ತಂಗಿ," ಎಂದ ಅಂಗಾರ. "ಲೋಕಲ್ ಹಿಡಿಯುವ."

* * *

ಮಧ್ಯಾಹ್ನ ಮೂರೂವರೆಗೆ ಹೋಟೆಲು ಖಾಲಿಯಿತ್ತು. ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತು. ಹುಡುಗರೆಲ್ಲ ಅಟ್ಟದ ಮೇಲೆ ಮಲಗಿದ್ದರು. ಅಂಗಾರ ನಾಗರತ್ನಾಳನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸಿದ.

"ಅಡುಗೆಮನೆಯ ಶಟರ್ ಈ ಕಡೆಗೆ ಉಂಟು. ಅವನು ಓಡಿ ಬಂದರೆ ಕೂಗು. ಅಡ್ಡ ಹೋಗಬೇಡ, ಗೊತ್ತಾಯಿತಲ್ಲ?"

"ಕೂಗ್ತೀನ್ರಿ. ನನ್ನ ಗಂಡ ಹೊರಗ ಬಂದ್ರ ಸಾಕು, ಮತ್ತೇನೂ ಬ್ಯಾಡ ನನಗ."

ಕಾಶಿನಾಥ ಅಡುಗೆಮನೆಯಲ್ಲೇ ಇದ್ದ. ಅರುವತ್ತರ ಹತ್ತಿರದ ಎತ್ತರದ ಆಳು, ಉದ್ದ ತೋಳಿನ ಬಿಳಿ ಅಂಗಿ. ಸಂಜೆಯ ಬೋಂಡಾಕ್ಕೆ ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಅಡುಗೆಯವನನ್ನು ಮಲಗಲು ಕಳಿಸಿ ತಾನೇ ಬಾಣಲೆ ಕಾಯುತ್ತಿದ್ದ.

"ಎಂತ ಅಂಗಾರ, ಇಷ್ಟೊತ್ತಿಗೆ?" ಎಂದ. "ಕೂತ್ಕೊ ಮಾರಾಯ. ಚಾ ಕುಡಿತಿಯಾ?"

"ಚಾ ಬೇಡ ಕಾಶಿನಾಥಣ್ಣ. ಬಲಗೈ ಎಂತ ಆಯ್ತು?"

ಕಾಶಿನಾಥನ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು.

"ಎಣ್ಣೆ ಹಾರಿತು. ಹೋಟೆಲಿನಲ್ಲಿ ಇದೆಲ್ಲ ಇದ್ದದ್ದೇ."

"ನಾನು ಮುಂಬೈಗೆ ಬಂದದ್ದು ಹೋಟೆಲಿನಲ್ಲಿ ಲೋಟ ತೊಳೆಯಲಿಕ್ಕೆ. ಹದಿಮೂರು ವರ್ಷ ನನಗೆ. ಎಣ್ಣೆ ಹಾರಿದರೆ ಅಡುಗೆಯವರು ದೋಸೆ ಹಿಟ್ಟು ಬಳಿದು ಗಾಳಿಗೆ ಬಿಡುತ್ತಿದ್ದರು. ಬಟ್ಟೆ ಕಟ್ಟಿ ಮೇಲೆ ಅಂಗಿ ಹಾಕಿಕೊಂಡವನನ್ನು ನಾನು ನೋಡಿಲ್ಲ."

"ಡಾಕ್ಟ್ರು ಕಟ್ಟಿದ್ದು."

"ಹಾಗಾದರೆ ಬಿಚ್ಚಿ ತೋರಿಸಿ. ಎಣ್ಣೆಯದ್ದಾದರೆ ಬೊಕ್ಕೆ ಬೊಕ್ಕೆ ಇರ್ತದೆ. ನಾನು ಕಾಲಿಗೆ ಬಿದ್ದು ಹೋಗ್ತೇನೆ."

"ನಿನಗೆ ಎಂತಕ್ಕೆ ತೋರಿಸಬೇಕು?" ಕಾಶಿನಾಥನ ದನಿ ತಣ್ಣಗಾಯಿತು. "ಅಡುಗೆಮನೆ ತನಕ ಬರಲಿಕ್ಕೆ ಬಿಟ್ಟದ್ದೇ ಹೆಚ್ಚಾಯ್ತಾ ಹೇಗೆ?"

ಜಾತಿ ನೆನಪಿಸುವ ಈ ಮಾತನ್ನು ಅಂಗಾರ ಬೇರೆ ಬೇರೆ ಬಾಯಿಗಳಿಂದ ಐವತ್ತು ವರ್ಷ ಕೇಳಿದ್ದ. ಈಗ ಕೋಪಕ್ಕಿಂತ ಬೇಸರವೇ ಹೆಚ್ಚು ಬರುತ್ತಿತ್ತು. ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಒಳಗಿನ ತಂತಿಯನ್ನು ಬೆಳಕಿಗೆ ಹಿಡಿದ.

"ಇದರಲ್ಲಿ ಚರ್ಮ ಉಂಟು, ಎರಡು ಬಿಳಿ ಕೂದಲು ಉಂಟು. ಭೀಮರಾಯನ ಮೈಯಲ್ಲಿ ಒಂದು ಬಿಳಿ ಕೂದಲಿಲ್ಲ. ಲ್ಯಾಬಿಗೆ ಕೊಟ್ಟರೆ ಯಾರದ್ದು ಅಂತ ಹೇಳ್ತಾರೆ. ಅದಕ್ಕೆ ಮೊದಲು ನೀವೇ ಹೇಳಿ ಅಂತ ಬಂದೆ."

ಕಾಶಿನಾಥ ಚೀಲವನ್ನು ನೋಡಿದ. ಒಲೆಯನ್ನು ನೋಡಿದ. ಅವನ ಎಡಗೈ ಬಾಣಲೆಯ ಸೌಟಿನ ಹಿಡಿಗೆ ಹೋದದ್ದನ್ನು ಅಂಗಾರ ಕಂಡ, ಆದರೆ ಮೊಣಕಾಲು ಕಣ್ಣಿನಷ್ಟು ಚುರುಕಾಗಿರಲಿಲ್ಲ.

ಕಾದ ಎಣ್ಣೆ ಅಡ್ಡವಾಗಿ ಹಾರಿತು. ಮುಖ ತಿರುಗಿಸಿಕೊಂಡದ್ದರಿಂದ ಕಣ್ಣು ಉಳಿಯಿತು. ಕಿವಿಯಿಂದ ಕುತ್ತಿಗೆವರೆಗೆ ಚರ್ಮ ಚುರ್ ಎಂದಿತು. ಅಂಗಾರ ಕೂಗುವ ಮೊದಲೇ ಕಾಶಿನಾಥ ಮೈಮೇಲೆ ಬಿದ್ದಿದ್ದ. ಇಬ್ಬರೂ ತರಕಾರಿಯ ಮೇಜಿಗೆ ಬಡಿದರು. ಈರುಳ್ಳಿಯ ಬುಟ್ಟಿ ಉರುಳಿತು. ಮೇಜಿನ ಮೇಲಿದ್ದ ಚೂರಿ ಕಾಶಿನಾಥನ ಕೈಗೆ ಸಿಕ್ಕಿತು.

ಮೊದಲ ಇರಿತ ಅಂಗಾರನ ಅಂಗಿಯನ್ನಷ್ಟೇ ಹರಿಯಿತು. ಎರಡನೆಯದು ಪಕ್ಕೆಗೆ ಇಳಿಯಿತು. ತುಂಬ ಆಳಕ್ಕಲ್ಲ, ಆದರೆ ಬಿಸಿಯಾಗಿ ಹರಿಯುವುದು ಗೊತ್ತಾಗುವಷ್ಟು. ಮೂರನೆಯದಕ್ಕೆ ಕೈ ಮೇಲೇರಿದಾಗ ಅಂಗಾರ ಅವನ ಬಲಗೈಯ ಬ್ಯಾಂಡೇಜಿನ ಮೇಲೆ ಹೆಬ್ಬೆರಳಿಟ್ಟು, ಮೈಯಲ್ಲಿದ್ದ ಅಷ್ಟೂ ಬಲದಿಂದ ಅದುಮಿದ.

ಕಾಶಿನಾಥ ಪ್ರಾಣಿಯಂತೆ ಅರಚಿದ. ಚೂರಿ ಬಿತ್ತು. ಅಂಗಾರ ಅವನ ಕೂದಲು ಹಿಡಿದು ಹಿಟ್ಟು ರುಬ್ಬುವ ಕಲ್ಲಿನ ಅಂಚಿಗೆ ಒಮ್ಮೆ, ಮತ್ತೊಮ್ಮೆ ಹೊಡೆದ. ಎರಡನೇ ಏಟಿಗೆ ಹಲ್ಲು ಮುರಿದ ಸದ್ದು ಕೇಳಿತು. ಅಟ್ಟದ ಮೇಲೆ ಯಾರೋ ಎದ್ದು ಕೂತರು. ಧಣಿಯ ಜಗಳಕ್ಕೆ ಇಳಿದು ಬರುವ ಧೈರ್ಯ ಮಾತ್ರ ಯಾರೂ ಮಾಡಲಿಲ್ಲ.

ಅಂಗಾರ ಅವನ ಎದೆಯ ಮೇಲೆ ಮೊಣಕಾಲೂರಿ ಬ್ಯಾಂಡೇಜು ಕಿತ್ತ. ಒಳಗಿನ ಗಾಯ ಕೀವು ಕಟ್ಟಿತ್ತು. ಮುಂಗೈಯಿಂದ ಮೊಣಕೈವರೆಗೆ ಉದ್ದ ಗೀರು, ಅದರುದ್ದಕ್ಕೂ ಅಡ್ಡಡ್ಡ ಸ್ಕ್ರೂವಿನ ಹಲ್ಲು.

"ಈಗ ಹೇಳಿ. ತಂತಿ ಯಾಕೆ ಕತ್ತರಿಸಿದಿರಿ?"

"ಕಾಗದ," ಎಂದು ಕಾಶಿನಾಥ ರಕ್ತ ಉಗುಳಿದ. "ಫ್ಲ್ಯಾಟಿನ ಮೂಲ ಕಾಗದ."

"ಯಾವ ಫ್ಲ್ಯಾಟು?"

"ನಮ್ಮದೇ. ಅವಳ ಹೆಸರಲ್ಲಿತ್ತು. ಬಿಲ್ಡಿಂಗ್ ಕೆಡವಿ ಹೊಸತು ಕಟ್ಟುತ್ತಾರೆ, ಎಲ್ಲರೂ ಸಹಿ ಹಾಕಿದರು, ಅವಳೊಬ್ಬಳು ಹಾಕಲಿಲ್ಲ. ಹೊಸ ಪಿಯಾನೊ ತೆಗೆಸಿಕೊಟ್ಟರೆ ಹಾಕುತ್ತಾಳೆ ಅಂದುಕೊಂಡೆ. ಮೊನ್ನೆ ಹಳೇದು ಇಳಿಸಿ ಆದ ಮೇಲೆ ಫೋನ್ ಮಾಡಿ ನಗಾಡಿದಳು. ಕಾಗದ ಹಳೆ ಪಿಯಾನೊದ ಹೊಟ್ಟೆಯಲ್ಲಿತ್ತು, ಭಂಗಾರಿಗೆ ಹೋಯ್ತು, ಇನ್ನು ಯಾರ ಸಹಿಯೂ ಬೇಡ ಅಂದಳು."

"ಅದಕ್ಕೆ ಕೊರಳು ಬಿಗಿದಿರಾ?"

"ಇಲ್ಲ. ದೇವರಾಣೆ ಇಲ್ಲ." ಕಾಶಿನಾಥ ಅಳಲು ಶುರುಮಾಡಿದ. ಅಷ್ಟು ದೊಡ್ಡ ಆಳು ಮೂಗಿನಲ್ಲಿ ಗುಳ್ಳೆ ಬರಿಸಿಕೊಂಡು ಅಳುವುದನ್ನು ನೋಡಿ ಅಂಗಾರನಿಗೆ ಕನಿಕರವಾಗಲಿಲ್ಲ, ಆದರೆ ನಂಬಿಕೆ ಹುಟ್ಟಿತು. "ಜಗಳ ಮಾಡಲಿಕ್ಕೆ ಮೇಲೆ ಹೋದದ್ದು ಹೌದು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಜನ ಇದ್ದರು, ಹಾಗಾಗಿ ಹೋಗಲಿಲ್ಲ. ಮೊದಲು ಕಾಗದ ಸಿಗಲಿ ಅಂತ ಕುರ್ಲಾಕ್ಕೆ ಓಡಿದೆ. ಕವರು ತಂತಿಯ ಅಡಿಯಲ್ಲಿ ಕಾಣ್ತಿತ್ತು, ಕೈ ಹೋಗ್ತಿರಲಿಲ್ಲ. ಅದಕ್ಕೆ ಕತ್ತರಿಸಿದೆ."

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳುದು? ಹೆಂಡತಿ ಸಾಯುವ ಹೊತ್ತಿಗೆ ನಾನು ಬಾಗಿಲಲ್ಲಿದ್ದೆ, ಆಮೇಲೆ ಅವಳ ಪಿಯಾನೊ ಒಡೆಯುತ್ತಿದ್ದೆ ಅಂತಲಾ? ಭೀಮರಾಯನ ಜಾಗದಲ್ಲಿ ನಾನಿರುತ್ತಿದ್ದೆ."

ಆ ಮಾತು ಸುಳ್ಳಲ್ಲ. ಒಳಗಿರುವವನು ಬಡವನೆಂಬ ಧೈರ್ಯದ ಮೇಲೆ ಇವನು ಎರಡು ದಿನ ಕೂಪನ್ ಹರಿದುಕೊಡುತ್ತ ಕೂತಿದ್ದ. ಅಂಗಾರನಿಗೆ ಮತ್ತೊಮ್ಮೆ ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ.

"ಒಳಗೆ ಯಾರಿದ್ದರು?"

"ಜ್ಯೋತ್ಸ್ನಾ ಇದ್ದಳು. ಜೀವಂತ ಇದ್ದಳು. ಕಿಟಕಿಯ ಕಡೆ ಮುಖ ಮಾಡಿ ಜೋರಾಗಿ ಮಾತಾಡ್ತಿದ್ದಳು. ಹಮಾಲಿ ಭೀಮರಾಯ ಬಾಗಿಲ ಹತ್ತಿರ, ನನಗೆ ಬೆನ್ನು ಹಾಕಿ ಕೈಮುಗಿದು ನಿಂತಿದ್ದ. ಬೇಡ ಬೇಡ ಅಂತಿದ್ದ."

"ಟೀಚರಿಗಾ?"

"ಅಲ್ಲ. ಮೂರನೆಯವಳಿಗೆ. ಪಿಯಾನೊದ ಹೊಸ ಸ್ಟೂಲಿನ ಮೇಲೆ ಒಂದು ಹೆಂಗಸು ಕೂತಿತ್ತು, ಮನೆ ಯಜಮಾನಿಯ ಹಾಗೆ. ಪಟ್ಟಾ ಅವಳ ತೊಡೆಯ ಮೇಲಿತ್ತು. ಯಾರು ಅಂತ ನನಗೆ ಗೊತ್ತಿಲ್ಲ, ಅದಕ್ಕೆ ಮೊದಲು ನೋಡಿದವಳಲ್ಲ."

"ಮತ್ತೆ ನೋಡಿದರೆ ಗುರುತು ಹಿಡಿತೀರಾ?"

ಕಾಶಿನಾಥ ಉತ್ತರಿಸಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನ ಓಣಿಯ ಬೆಳಕು ಕಡಿಮೆಯಾಯಿತು. ಕೂಗಾಟ ಕೇಳಿ ನಾಗರತ್ನಾ ಒಳಗೆ ಬಂದು ಒಲೆಯ ಪಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಅಂಗಾರನಿಗೆ ಗೊತ್ತಾಗಲಿಲ್ಲ.

ಕಾಶಿನಾಥನ ಬಾಯಿ ತೆರೆದೇ ಇತ್ತು. ಅವನು ಬೆನ್ನ ಮೇಲೆ ತೆವಳಿಕೊಂಡು ಗೋಡೆಗೆ ಸರಿಯತೊಡಗಿದ. ಅವನ ಬೆರಳು ಎದ್ದಿತು.

ಅಂಗಾರ ಆ ಬೆರಳನ್ನು ನೋಡಿದ. ಆಮೇಲೆ ಅದು ತೋರಿಸಿದ ಕಡೆಗೆ ನೋಡಿದ. ಒಂದು ಕ್ಷಣ ಅವನಿಗೆ ಪಕ್ಕೆಯ ಗಾಯವೂ ಸುಟ್ಟ ಕುತ್ತಿಗೆಯೂ ಮರೆತುಹೋದವು. ಎರಡು ದಿನದಿಂದ ಇವಳ ಕಣ್ಣೀರಿಗಾಗಿ ಊರು ಸುತ್ತಿದ್ದ. ಗಂಡನನ್ನು ಬಿಡಿಸಿ ಕೊಡುತ್ತೇನೆಂದು ಇವಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ಪಟ್ಟಾ ಇವಳ ಕೈಯಲ್ಲೇ ಬಿಟ್ಟು ಭೀಮರಾಯ ಯಾಕೆ ಬರಿಗೈಯಲ್ಲಿ ಇಳಿದು ಬಂದ, ಹೆಂಡತಿಯನ್ನು ಉಳಿಸಲು ಅಂಗಾಲು ಒಡೆದರೂ ಯಾಕೆ ಬಾಯಿ ಬಿಡಲಿಲ್ಲ, ಟೀಚರ ಸರ ಯಾರ ಕೈಸೇರಿತು ಎಂಬುದೆಲ್ಲ ಒಟ್ಟಿಗೇ ತಿಳಿಯಿತು. ಟೀಚರನ್ನು ಇವಳು ಯಾಕೆ ಕೊಂದಳೆಂಬುದೊಂದು ಮಾತ್ರ ತಿಳಿಯಲಿಲ್ಲ.

"ತಂಗಿ," ಎಂದ. "ಇವನು ಹೇಳುದು ಹೌದಾ?"

ನಾಗರತ್ನಾ ಮೂಲೆಯಲ್ಲಿ ಒರಗಿಸಿದ್ದ, ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಕೋಲನ್ನು ಎತ್ತಿಕೊಂಡಳು. ಹಿಂದಿನ ಶಟರಿಗೆ ಅದನ್ನು ಸಿಕ್ಕಿಸಿ, ಮನೆಯ ಕೆಲಸ ಮಾಡುವವಳ ಹಾಗೆ ಅವಸರವಿಲ್ಲದೆ ನೆಲದವರೆಗೆ ಎಳೆದಳು. ಕೋಲನ್ನು ಕೆಳಗಿಡಲಿಲ್ಲ.

ಅಂಗಾರ ಏಳಲು ನೋಡಿದ. ಪಕ್ಕೆಯಿಂದ ಬಿಸಿ ರಕ್ತ ಒಸರಿತು. ಅವನು ಕಾಶಿನಾಥನಿಗೂ ಅವಳಿಗೂ ನಡುವೆ ಕೈಯೂರಿ ಕೂತ. ಹೊಡೆಯಬೇಕಾದವನನ್ನು ಈಗ ಕಾಯಬೇಕಾಗಿತ್ತು.

"ಎರಡು ದಿನ ಬಡದ್ರೂ ನನ್ನ ಗಂಡನ ಬಾಯಿಂದ ಈ ಮಾತು ಬಂದಿಲ್ರಿ ಅಣ್ಣಾರ," ಎಂದಳು ನಾಗರತ್ನಾ, ಕೋಲನ್ನು ಎರಡೂ ಕೈಯಲ್ಲಿ ಹಿಡಿದು. "ಇವನ ಬಾಯಿಂದ ಬರಬಾರದಿತ್ತು. ನೀವು ಆಚಿ ಸರೀರಿ."